ಬೆಸೆಯುವ ಕಿಣ್ವ, ಬಿಚ್ಚುವ ಕಿಣ್ವ

ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 48 ಪುಣೆ, ಮುಂಬೈ, ಜೈಪುರಗಳನ್ನು ಮುಟ್ಟಿ, ಗುರುಗ್ರಾಮದ ಮೂಲಕ ದೆಹಲಿ ಸೇರುತ್ತದೆ. ಜೈಪುರದ ಕಡೆಯಿಂದ ಬರುವವರಿಗೆ ಗುರುಗ್ರಾಮ ನಗರಕ್ಕೂ ಮೊದಲು ಮಾನೇಸರ ಸಿಗುತ್ತದೆ. ಮಾನೇಸರ ಎಂದರೆ ನಮ್ಮ ಪತ್ರಿಕೆಗಳ ಓದುಗರಿಗೆ ಮಾರುತಿ ಕಾರು ಕಾರ್ಖಾನೆ ಗೊತ್ತು, ಎನ್‌ಎಸ್‌ಜಿ ಕಮಾಂಡೊಗಳ ನೆಲೆಯೂ ಗೊತ್ತು. ಅದೇ ಊರಿನಲ್ಲಿ, ಅರಾವಳಿ ಗುಡ್ಡಗಳ ಬದಿಯಲ್ಲಿ, ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 1999ರಲ್ಲಿ ಆರಂಭಿಸಿದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವೂ ಇದೆ. 2003ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ದೇಶಕ್ಕೆ ಅರ್ಪಿಸಿದರು.

ಆ ಕೇಂದ್ರವನ್ನು ಕಟ್ಟಿದ ಮೊದಲ ನಿರ್ದೇಶಕಿ ವಿಜಯಲಕ್ಷ್ಮಿ ರವೀಂದ್ರನಾಥ್. ಮೈಸೂರು ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದವರು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವರ್ಷಗಟ್ಟಲೆ ದುಡಿದವರು. ಮಾನೇಸರಕ್ಕೆ ಹೋಗುವಾಗ ಅವರು ಬೆಂಗಳೂರಿನಿಂದ ಒಂದು ಪ್ರಶ್ನೆಯನ್ನೂ ಜೊತೆಗೆ ಒಯ್ದರು. ಮಿದುಳಿನ ಪ್ರೋಟೀನುಗಳಲ್ಲಿ ಎರಡು ಗಂಧಕದ ಪರಮಾಣುಗಳು ಸಲ್ಲದ ಜಾಗದಲ್ಲಿ ಬೆಸೆದುಕೊಂಡರೆ ಏನಾಗುತ್ತದೆ? ಅದನ್ನು ಬಿಚ್ಚುವವರು ಯಾರು?

ಇದು ಪ್ರಯೋಗಾಲಯದೊಳಗಿನ ಸಣ್ಣ ಕುತೂಹಲವೆಂದು ಕಾಣಬಹುದು. ಆದರೆ ಮಧುಮೇಹಿಗಳು ಚುಚ್ಚಿಕೊಳ್ಳುವ ಇನ್ಸುಲಿನ್, ಬರಗಾಲದಲ್ಲಿ ಬಡವರು ತಿನ್ನುವ ಬೇಳೆ, ಔಷಧದ ಅಂಗಡಿಯಲ್ಲಿ ಮಾರುವ ಆಂಟಿಆಕ್ಸಿಡೆಂಟ್ ಮಾತ್ರೆ, ಈ ಮೂರೂ ಆ ಪ್ರಶ್ನೆಯ ಸುತ್ತಲೇ ಇವೆ. ಆಮ್ಲಜನಕದಿಂದಾಗುವ ಉತ್ಕರ್ಷಣವೆಲ್ಲ ದೇಹಕ್ಕೆ ಕೆಡುಕು, ಅದನ್ನು ತಡೆಯುವುದೆಲ್ಲ ಒಳಿತು ಎಂದು ಜಾಹೀರಾತುಗಳು ನಮ್ಮನ್ನು ನಂಬಿಸಿವೆ. ಜೀವಕೋಶದ ಲೆಕ್ಕ ಹಾಗಿಲ್ಲ. ಒಂದು ಕೋಣೆಯಲ್ಲಿ ಜೀವ ಉಳಿಸುವ ಬೆಸುಗೆಯೇ ಪಕ್ಕದ ಕೋಣೆಯಲ್ಲಿ ಜೀವ ತೆಗೆಯುತ್ತದೆ. ಅದಕ್ಕೇ ಬೆಸೆಯಲು ಒಂದು ಬಗೆಯ ಕಿಣ್ವಗಳು, ಬಿಚ್ಚಲು ಇನ್ನೊಂದು ಬಗೆಯವು.

ಮೊದಲು ಬೆಸುಗೆ ಎಂದರೇನು ನೋಡೋಣ. ಪ್ರೋಟೀನು ಎಂದರೆ ಇಪ್ಪತ್ತು ಬಗೆಯ ಅಮೈನೊ ಆಮ್ಲಗಳನ್ನು ಸಾಲಾಗಿ ಪೋಣಿಸಿದ ಉದ್ದನೆಯ ಸರಪಳಿ. ಆ ಇಪ್ಪತ್ತರಲ್ಲಿ ಸಿಸ್ಟೀನ್ ಎಂಬುದರ ತುದಿಯಲ್ಲಿ ಗಂಧಕವಿದೆ, ಗಂಧಕಕ್ಕೆ ಅಂಟಿಕೊಂಡು ಒಂದು ಜಲಜನಕವಿದೆ. ಸರಪಳಿ ಮಡಚಿಕೊಳ್ಳುವಾಗ ದೂರದ ಎರಡು ಸಿಸ್ಟೀನುಗಳು ಹತ್ತಿರ ಬಂದು, ಎರಡರ ಜಲಜನಕವೂ ಕಳಚಿಹೋದರೆ, ಗಂಧಕಕ್ಕೆ ಗಂಧಕ ನೇರವಾಗಿ ಸೇರುತ್ತದೆ. ಇದೇ ಡೈಸಲ್ಫೈಡ್ ಬಂಧ. ಎರಡು ಗಂಧಕಗಳ ನಡುವಿನ ಅಂತರ ಸುಮಾರು 0.2 ನ್ಯಾನೊಮೀಟರ್. ಜೀವಕೋಶದ ಹೊರಗೆ ಹೋಗಿ ಕೆಲಸ ಮಾಡಬೇಕಾದ ಪ್ರೋಟೀನುಗಳು, ಅಂದರೆ ರಕ್ತದಲ್ಲಿ ಓಡಾಡುವ ಪ್ರತಿಕಾಯಗಳು, ಹಾರ್ಮೋನುಗಳು, ಹಾವಿನ ವಿಷದ ಎಷ್ಟೋ ಪ್ರೋಟೀನುಗಳು, ತಮ್ಮ ಆಕಾರವನ್ನು ಕಾಯ್ದುಕೊಳ್ಳುವುದು ಈ ಬಂಧದ ಬಲದಿಂದ.

ಗುರುಗ್ರಾಮದ ಮನೆಗಳಲ್ಲಿ ದಿನವೂ ಕಲಸುವ ಗೋಧಿ ಹಿಟ್ಟಿಗೆ ಎಳೆತ ಬರುವುದೂ ಇದರಿಂದಲೇ. ಗೋಧಿಯ ಗ್ಲುಟೆನಿನ್ ಪ್ರೋಟೀನಿನ ಎಳೆಗಳು ಡೈಸಲ್ಫೈಡ್ ಬಂಧಗಳಿಂದ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ರಾಗಿಯಲ್ಲಿ ಆ ಪ್ರೋಟೀನಿಲ್ಲ. ಅದಕ್ಕೇ ನಮ್ಮ ರಾಗಿ ಹಿಟ್ಟನ್ನು ಚಪಾತಿಯಂತೆ ತೆಳ್ಳಗೆ ಎಳೆಯಲಾಗದು, ಮುದ್ದೆ ತೊಳಸಬೇಕು, ಇಲ್ಲವೇ ರೊಟ್ಟಿ ತಟ್ಟಬೇಕು.

ಬಂಧವೇನೋ ಸರಿ, ಆದರೆ ಯಾವ ಸಿಸ್ಟೀನಿಗೆ ಯಾವುದು ಜೋಡಿ? ಇಲ್ಲೇ ತೊಡಕು ಶುರುವಾಗುವುದು. ಇನ್ಸುಲಿನ್‌ನಲ್ಲಿ 51 ಅಮೈನೊ ಆಮ್ಲಗಳಿವೆ, 21 ಇರುವ ಎ ಸರಪಳಿ ಒಂದು, 30 ಇರುವ ಬಿ ಸರಪಳಿ ಇನ್ನೊಂದು. ಅವುಗಳಲ್ಲಿ ಸಿಸ್ಟೀನ್ ಆರು. ಆರನ್ನು ಜೋಡಿ ಮಾಡಲು 15 ದಾರಿಗಳಿವೆ, ಸರಿಯಾದದ್ದು ಒಂದೇ. ಎರಡು ಬಂಧಗಳು ಸರಪಳಿಗಳನ್ನು ಒಂದಕ್ಕೊಂದು ಕಟ್ಟಬೇಕು, ಮೂರನೆಯದು ಎ ಸರಪಳಿಯ ಒಳಗೇ ಬೀಳಬೇಕು. ಇನ್ಸುಲಿನ್ ಜೀನಿನಲ್ಲಿ ಒಂದು ಸಿಸ್ಟೀನ್ ಬದಲಾದರೂ ಜೋಡಿ ತಪ್ಪುತ್ತದೆ, ಪ್ರೋಟೀನು ಮಡಚಿಕೊಳ್ಳದೆ ಒಳಗೇ ಸಿಕ್ಕಿಬೀಳುತ್ತದೆ, ಅದನ್ನು ತಯಾರಿಸುವ ಕೋಶಗಳು ಸಾಯುತ್ತವೆ. ಹುಟ್ಟಿದ ಕೆಲವೇ ತಿಂಗಳಲ್ಲಿ ಮಧುಮೇಹ ಬರುವ ಕೆಲವು ಶಿಶುಗಳಲ್ಲಿ ಇಂಥ ಜೀನ್ ಬದಲಾವಣೆ ಇರುವುದನ್ನು 2007ರಲ್ಲಿ ಗುರುತಿಸಲಾಯಿತು.

ಈ ಜೋಡಿ ಹುಡುಕುವ ಕೆಲಸ ತಾನಾಗಿ ಆಗುತ್ತದೆಯೇ ಎಂದು ಮೊದಲು ಕೇಳಿದವರಲ್ಲಿ ಅಮೆರಿಕದ ಕ್ರಿಶ್ಚಿಯನ್ ಆನ್‌ಫಿನ್ಸನ್ ಮುಖ್ಯರು. ಅವರು ಹಿಡಿದದ್ದು ರೈಬೊನ್ಯೂಕ್ಲಿಯೇಸ್ ಎಂಬ ಪ್ರೋಟೀನು. ಅದರಲ್ಲಿ 124 ಅಮೈನೊ ಆಮ್ಲ, ಎಂಟು ಸಿಸ್ಟೀನ್, ನಾಲ್ಕು ಬಂಧ. ಜೋಡಿಯಾಗಲು 105 ದಾರಿ. ಅವರು ಬಂಧಗಳನ್ನೆಲ್ಲ ಕತ್ತರಿಸಿ, ಸರಪಳಿಯನ್ನು ಪೂರ್ತಿ ಬಿಡಿಸಿ, ಮತ್ತೆ ಗಾಳಿಗೆ ಬಿಟ್ಟರು. ಪ್ರೋಟೀನು ತನ್ನಷ್ಟಕ್ಕೆ ಮಡಚಿಕೊಂಡು ನಾಲ್ಕೂ ಸರಿ ಜೋಡಿಗಳನ್ನು ಹುಡುಕಿಕೊಂಡಿತು. ಆಕಾರದ ಮಾಹಿತಿಯೆಲ್ಲ ಸರಪಳಿಯ ಅನುಕ್ರಮದಲ್ಲೇ ಇದೆ ಎಂದು ತೋರಿಸಿದ ಈ ಕೆಲಸಕ್ಕೆ 1972ರಲ್ಲಿ ನೊಬೆಲ್ ಬಂತು.

ಆದರೆ ಆನ್‌ಫಿನ್ಸನ್‌ಗೇ ಒಂದು ಅಂಶ ಕೊರೆಯುತ್ತಿತ್ತು. ಪ್ರನಾಳದಲ್ಲಿ ಈ ಕೆಲಸಕ್ಕೆ ಗಂಟೆಗಳು ಬೇಕು, ಜೀವಕೋಶದಲ್ಲಿ ನಿಮಿಷಗಳು ಸಾಕು. ಹಾಗಾದರೆ ಒಳಗೆ ಸಹಾಯಕ್ಕೆ ಯಾರೋ ಇರಬೇಕು. 1963ರಲ್ಲಿ ಅವರ ತಂಡ ಇಲಿಯ ಯಕೃತ್ತಿನಿಂದ ಆ ಕಿಣ್ವವನ್ನು ಹಿಡಿಯಿತು. ಅದೇ ವರ್ಷ ಹಂಗೆರಿಯಲ್ಲಿ ವೆನೆಟಿಯಾನರ್ ಮತ್ತು ಸ್ಟ್ರಾಬ್ ಬೇರೆಯೇ ದಾರಿಯಿಂದ ಅದನ್ನೇ ಕಂಡುಕೊಂಡರು. ಇವತ್ತು ಅದರ ಹೆಸರು ಪ್ರೋಟೀನ್ ಡೈಸಲ್ಫೈಡ್ ಐಸೊಮರೇಸ್, ಚಿಕ್ಕದಾಗಿ ಪಿಡಿಐ. ಮನುಷ್ಯರಲ್ಲಿ ಈ ಕುಟುಂಬಕ್ಕೆ ಸೇರಿದ ಇಪ್ಪತ್ತಕ್ಕೂ ಹೆಚ್ಚು ಪ್ರೋಟೀನುಗಳಿವೆ.

ಪಿಡಿಐ ಇರುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಕೋಣೆಯಲ್ಲಿ. ಹೊರಗೆ ಹೋಗಬೇಕಾದ ಪ್ರೋಟೀನುಗಳೆಲ್ಲ ತಯಾರಾಗುತ್ತಲೇ ಮೊದಲು ಹೊಕ್ಕುವುದು ಈ ಕೋಣೆಯನ್ನು. ಪಿಡಿಐಯ ರಚನೆಯಲ್ಲಿ ನಾಲ್ಕು ಭಾಗಗಳು, ಸಾಲಾಗಿ ಜೋಡಿಸಿ ಯು ಆಕಾರಕ್ಕೆ ಬಾಗಿಸಿದಂತಿವೆ. ನಾಲ್ಕರ ಅಚ್ಚೂ ಒಂದೇ. ತುದಿಯ ಎರಡು ಭಾಗಗಳಲ್ಲಿ ಕೆಲಸ ಮಾಡುವ ಜಾಗಗಳಿವೆ, ಅವು ಎದುರುಬದುರು ನಿಂತಿವೆ. ನಡುವಿನ ಎರಡು ಭಾಗಗಳದ್ದು ಮಡಚಿಕೊಳ್ಳದ ಪ್ರೋಟೀನನ್ನು ಹಿಡಿದಿಡುವ ಕೆಲಸ. ನೀರಿಗೆ ಹೆದರುವ ತುಣುಕುಗಳನ್ನು ಹೊರಗೆ ಚಾಚಿಕೊಂಡಿರುವ ಅರೆಬೆಂದ ಪ್ರೋಟೀನುಗಳಿಗೆ ಆ ಜಾಗ ಒಗ್ಗುತ್ತದೆ. ಪೂರ್ತಿ ಮಡಚಿಕೊಂಡ ಪ್ರೋಟೀನು ಅಲ್ಲಿ ನಿಲ್ಲದೆ ಜಾರಿಹೋಗುತ್ತದೆ. ಯೀಸ್ಟಿನ ಪಿಡಿಐಯ ಈ ಪೂರ್ಣ ರೂಪ ಸ್ಫಟಿಕಗಳ ಮೂಲಕ ಬೆಳಕಿಗೆ ಬಂದದ್ದು 2006ರಲ್ಲಿ.

ಕೆಲಸದ ಜಾಗವನ್ನು ಹತ್ತಿರದಿಂದ ನೋಡಬೇಕು. ಅಲ್ಲಿ ಸಾಲಾಗಿ ನಾಲ್ಕು ಅಮೈನೊ ಆಮ್ಲಗಳು: ಸಿಸ್ಟೀನ್, ಗ್ಲೈಸೀನ್, ಹಿಸ್ಟಿಡೀನ್, ಸಿಸ್ಟೀನ್. ಎರಡು ತುದಿಯ ಸಿಸ್ಟೀನುಗಳು ತಮ್ಮೊಳಗೇ ಬೆಸೆದುಕೊಂಡಿದ್ದರೆ ಪಿಡಿಐ ಆ ಬೆಸುಗೆಯನ್ನು ಹೊಸ ಪ್ರೋಟೀನಿಗೆ ದಾಟಿಸುತ್ತದೆ. ಅವು ಬಿಡಿಯಾಗಿದ್ದರೆ ಇನ್ನೊಂದು ಕೆಲಸ. ಮೊದಲನೆಯ ಸಿಸ್ಟೀನಿನ ಗಂಧಕ ಹೊಸ ಪ್ರೋಟೀನಿನ ತಪ್ಪು ಬಂಧದ ಮೇಲೆ ಎರಗಿ, ಅದನ್ನು ಮುರಿದು, ಒಂದು ಕೊನೆಯನ್ನು ತಾನೇ ಹಿಡಿದುಕೊಳ್ಳುತ್ತದೆ. ಬಿಡುಗಡೆಯಾದ ಇನ್ನೊಂದು ಕೊನೆ ಸರಿಯಾದ ಜೋಡಿಗಾಗಿ ತಡಕಾಡುತ್ತದೆ. ಸಿಕ್ಕಿತೋ, ಪಿಡಿಐ ಕೈಬಿಡುತ್ತದೆ. ತೀರಾ ತಡವಾದರೆ ಪಿಡಿಐಯ ಎರಡನೆಯ ಸಿಸ್ಟೀನ್ ಮುಂದೆ ಬಂದು ಮೊದಲನೆಯದನ್ನು ಬಿಡಿಸಿಕೊಳ್ಳುತ್ತದೆ. ಹೀಗೆ ಕಿಣ್ವ ತಾನೇ ಸಿಕ್ಕಿಹಾಕಿಕೊಳ್ಳದಂತೆ ಪಾರಾಗುವ ದಾರಿಯೂ ಅದರ ರಚನೆಯಲ್ಲೇ ಇದೆ.

ಗುರುಗ್ರಾಮದ ಉದ್ಯೋಗ ವಿಹಾರದ ಗಾರ್ಮೆಂಟ್ಸ್‌ಗಳಲ್ಲಾಗಲಿ, ನಮ್ಮ ಪೀಣ್ಯದಲ್ಲಾಗಲಿ ದರ್ಜಿ ಕೆಲಸ ಬಲ್ಲವರು ಮೊದಲು ಕಚ್ಚಾ ಹೊಲಿಗೆ ಹಾಕಿ, ಅಳತೆ ನೋಡಿ, ತಪ್ಪಿದ್ದನ್ನು ಬಿಚ್ಚಿ, ಆಮೇಲೆ ಗಟ್ಟಿ ಹೊಲಿಗೆ ಹಾಕುತ್ತಾರೆ. ಪಿಡಿಐ ಮಾಡುವುದೂ ಅದನ್ನೇ. ಬಂಧ ಹಾಕುವುದಕ್ಕಿಂತ ತಪ್ಪು ಬಂಧವನ್ನು ಗುರುತಿಸಿ ಬಿಚ್ಚುವುದರಲ್ಲೇ ಅದರ ನಿಜವಾದ ಕುಶಲತೆ.

ಬೆಸುಗೆ ದಾಟಿಸಿ ಬರಿದಾದ ಪಿಡಿಐಗೆ ಮತ್ತೆ ಶಕ್ತಿ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ಉತ್ತರ ಸಿಗಲು 1998ರವರೆಗೆ ಕಾಯಬೇಕಾಯಿತು. ಯೀಸ್ಟಿನಲ್ಲಿ ಎರಡು ತಂಡಗಳು ಇರೊ1 ಎಂಬ ಕಿಣ್ವವನ್ನು ಕಂಡುಹಿಡಿದವು. ಅದು ಪಿಡಿಐಯಿಂದ ಎರಡು ಎಲೆಕ್ಟ್ರಾನುಗಳನ್ನು ಪಡೆದು, ಬಿ2 ಜೀವಸತ್ವದಿಂದ ಬರುವ ಎಫ್‌ಎಡಿ ಅಣುವಿನ ಮೂಲಕ ಆಮ್ಲಜನಕಕ್ಕೆ ಕೊಡುತ್ತದೆ. ಅಂದರೆ ಪ್ರೋಟೀನು ಬೆಸೆಯಲು ನಾವು ಉಸಿರಾಡುವ ಆಮ್ಲಜನಕವೇ ಬೇಕು, ಉತ್ಕರ್ಷಣವೇ ಬೇಕು. ಪ್ರತಿ ಬಂಧಕ್ಕೂ ಒಂದೊಂದು ಹೈಡ್ರೋಜನ್ ಪೆರಾಕ್ಸೈಡ್ ಅಣು ಹುಟ್ಟುತ್ತದೆ. ಅದು ವಿಷ. ಆದರೆ ಆ ಕೋಣೆಯಲ್ಲೇ ಇರುವ ಪೆರಾಕ್ಸಿರೆಡಾಕ್ಸಿನ್ 4 ಎಂಬ ಇನ್ನೊಂದು ಕಿಣ್ವ ಆ ವಿಷವನ್ನು ಬಳಸಿಕೊಂಡು ಮತ್ತೊಂದು ಬಂಧ ಹಾಕುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಇದೇ ಕೆಲಸವನ್ನು ಡಿಎಸ್‌ಬಿ ಎಂಬ ಕುಟುಂಬ ನೋಡಿಕೊಳ್ಳುತ್ತದೆ. ಬಂಧ ಹಾಕುವುದು ಡಿಎಸ್‌ಬಿ-ಎ, ತಪ್ಪು ತಿದ್ದುವುದು ಡಿಎಸ್‌ಬಿ-ಸಿ. ಬಾರ್ಡ್‌ವೆಲ್, ಬೆಕ್‌ವಿತ್ ಮತ್ತು ಸಂಗಡಿಗರು 1991ರಲ್ಲಿ ಈ ಕುಟುಂಬದ ಮೊದಲ ಸದಸ್ಯನನ್ನು ವರದಿ ಮಾಡಿದರು.

ಈ ಜ್ಞಾನ ಔಷಧ ತಯಾರಿಕೆಗೆ ನೇರವಾಗಿ ಬೇಕು. ಈ. ಕೋಲಿ ಬ್ಯಾಕ್ಟೀರಿಯಾದ ಒಳಕೋಣೆಯಲ್ಲಿ ಡೈಸಲ್ಫೈಡ್ ಬಂಧ ನಿಲ್ಲುವುದಿಲ್ಲ. ಅಲ್ಲಿ ಇನ್ಸುಲಿನ್ ಸರಪಳಿ ತಯಾರಿಸಿದರೆ ಬಂಧಗಳನ್ನು ಆಮೇಲೆ ಹೊರಗೆ ತೊಟ್ಟಿಗಳಲ್ಲಿ ಬೆಸೆಯಬೇಕಾಗುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಮಾನವ ಇನ್ಸುಲಿನ್ ಹೀಗೆಯೇ ತಯಾರಾಗಿತ್ತು. ಯೀಸ್ಟಿಗಾದರೆ ನಮ್ಮ ಜೀವಕೋಶಗಳಂತೆಯೇ ಪಿಡಿಐ ಇರುವ ಕೋಣೆಯಿದೆ. 1978ರಲ್ಲಿ ಬೆಂಗಳೂರಿನಲ್ಲಿ ಕಿಣ್ವಗಳ ತಯಾರಿಕೆಯಿಂದಲೇ ಶುರುವಾದ ಕಿರಣ್ ಮಜುಂದಾರ್ ಶಾ ಅವರ ಬಯೋಕಾನ್, ಪಿಚಿಯಾ ಎಂಬ ಯೀಸ್ಟನ್ನು ಆರಿಸಿಕೊಂಡು 2004ರಲ್ಲಿ ತನ್ನ ಮಾನವ ಇನ್ಸುಲಿನ್ ಬಿಡುಗಡೆ ಮಾಡಿತು. ಇಂಥ ಯೀಸ್ಟ್ ಮಡಚಿ, ಬೆಸೆದು, ಹೊರಗೆ ಸ್ರವಿಸಿಕೊಡುವ ಇನ್ಸುಲಿನ್ ಪೂರ್ವರೂಪದ ಹಿಂದೆ ದುಡಿಯುವುದು ಇದೇ ಕಿಣ್ವಗಳು.

ಇಲ್ಲಿಯವರೆಗೆ ಬೆಸುಗೆಯೇ ಹಿತ. ಈಗ ಪಕ್ಕದ ಕೋಣೆಗೆ, ಅಂದರೆ ಜೀವಕೋಶದ ಒಳದ್ರವಕ್ಕೆ ಬರೋಣ. ಇಲ್ಲಿನ ಪ್ರೋಟೀನುಗಳ ಸಿಸ್ಟೀನುಗಳು ಬಿಡಿಯಾಗಿಯೇ ಇರಬೇಕು. ಅದಕ್ಕಾಗಿ ಕೋಶ ಗ್ಲುಟಾಥಯೋನ್ ಎಂಬ ಪುಟ್ಟ ಅಣುವನ್ನು ಧಾರಾಳವಾಗಿ ತಯಾರಿಸಿಟ್ಟಿದೆ. ಅದರಲ್ಲೂ ಇರುವುದು ಸಿಸ್ಟೀನೇ. ಇಲ್ಲಿ ತಪ್ಪಾಗಿ ಬಿದ್ದ ಬಂಧಗಳನ್ನು ಬಿಚ್ಚಲು 1964ರಲ್ಲಿ ಪತ್ತೆಯಾದ ಥಯೋರೆಡಾಕ್ಸಿನ್, 1976ರಲ್ಲಿ ಸ್ವೀಡನ್ನಿನ ಆರ್ನೆ ಹೋಮ್‌ಗ್ರೆನ್ ಕಂಡುಹಿಡಿದ ಗ್ಲುಟಾರೆಡಾಕ್ಸಿನ್ ಎಂಬ ಕಿಣ್ವಗಳಿವೆ. ಗ್ಲುಟಾರೆಡಾಕ್ಸಿನ್ ತನ್ನ ಕೆಲಸಕ್ಕೆ ಬೇಕಾದ ಎಲೆಕ್ಟ್ರಾನುಗಳನ್ನು ಗ್ಲುಟಾಥಯೋನ್‌ನಿಂದಲೇ ಪಡೆಯುತ್ತದೆ.

ಬೆರಗಾಗುವ ಸಂಗತಿ ಇಲ್ಲಿದೆ. ಬಿಚ್ಚುವ ಥಯೋರೆಡಾಕ್ಸಿನ್‌ನ ಅಚ್ಚೂ ಬೆಸೆಯುವ ಪಿಡಿಐಯ ನಾಲ್ಕು ಭಾಗಗಳ ಅಚ್ಚೂ ಒಂದೇ. ಡಿಎಸ್‌ಬಿ-ಎ ಮತ್ತು ಗ್ಲುಟಾರೆಡಾಕ್ಸಿನ್‌ಗಳಲ್ಲೂ ಅದೇ ಅಚ್ಚು. ಎಲ್ಲದರಲ್ಲೂ ಎರಡು ಸಿಸ್ಟೀನುಗಳ ನಡುವೆ ಎರಡೇ ಅಮೈನೊ ಆಮ್ಲಗಳು. ಪಿಡಿಐಯಲ್ಲಿ ಗ್ಲೈಸೀನ್ ಮತ್ತು ಹಿಸ್ಟಿಡೀನ್, ಥಯೋರೆಡಾಕ್ಸಿನ್‌ನಲ್ಲಿ ಗ್ಲೈಸೀನ್ ಮತ್ತು ಪ್ರೋಲೀನ್. ಕಿಣ್ವ ಬೆಸೆಯುವತ್ತ ವಾಲುತ್ತದೋ, ಬಿಚ್ಚುವತ್ತ ವಾಲುತ್ತದೋ ಎಂಬುದರಲ್ಲಿ ಈ ನಡುವಿನ ಎರಡರ ಪಾತ್ರ ದೊಡ್ಡದು. ಥಯೋರೆಡಾಕ್ಸಿನ್‌ನ ಪ್ರೋಲೀನನ್ನು ತೆಗೆದು ಹಿಸ್ಟಿಡೀನ್ ಇಟ್ಟಾಗ ಅದರ ವರ್ತನೆ ಪಿಡಿಐಯತ್ತ ಸರಿದದ್ದನ್ನು ಪ್ರಯೋಗಾಲಯಗಳು ತೋರಿಸಿವೆ. ಪ್ರಕೃತಿ ಒಂದೇ ಅಚ್ಚನ್ನು ಎರಡು ವಿರುದ್ಧ ಕೆಲಸಗಳಿಗೆ ಹೊಂದಿಸಿಕೊಂಡಿದೆ.

ಮಾನೇಸರದ ಕಥೆ ಗ್ಲುಟಾರೆಡಾಕ್ಸಿನ್‌ಗೆ ಸೇರಿದ್ದು, ಅದರ ಬೇರು ಬೆಂಗಳೂರಿನಲ್ಲಿದೆ. ಮಧ್ಯಪ್ರದೇಶ, ಛತ್ತೀಸಗಢ, ಬಿಹಾರದ ಕಡೆ ಬೆಳೆಯುವ ಕೇಸರಿ ಬೇಳೆ ಮಳೆ ಕೈಕೊಟ್ಟರೂ ಕೈಗೆ ಬರುವ ಬೆಳೆ. ಬೇರೆಲ್ಲ ಒಣಗಿಹೋದ ವರ್ಷ ಬಡವರಿಗೆ ಅದೊಂದೇ ಗತಿ. ರೇವಾ ಭಾಗದಲ್ಲಿ ಜೀತದಾಳುಗಳಿಗೆ ಅದನ್ನೇ ಕೂಲಿಯಾಗಿ ಅಳೆದುಕೊಡುತ್ತಿದ್ದ ಕಾಲವೂ ಇತ್ತು. ತಿಂಗಳುಗಟ್ಟಲೆ ಅದನ್ನೇ ಉಂಡವರ ಕಾಲುಗಳು ಬಿಗಿದುಕೊಂಡು ಮತ್ತೆಂದೂ ಸರಿಹೋಗುವುದಿಲ್ಲ. ಈ ರೋಗಕ್ಕೆ ಲ್ಯಾಥಿರಿಸಂ ಎಂದು ಹೆಸರು. ಆ ಬೇಳೆಯ ನರವಿಷವಾದ ಒಡಾಪ್ ಎಂಬ ಅಮೈನೊ ಆಮ್ಲವನ್ನು ಬೇರ್ಪಡಿಸಿ 1964ರಲ್ಲಿ ವಿವರಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ.

ವಿಷದ ಗುರುತೇನೋ ಸಿಕ್ಕಿತು. ಅದು ನರಕೋಶವನ್ನು ಕೊಲ್ಲುವ ಬಗೆ? ನಿಮ್ಹಾನ್ಸ್‌ನಿಂದ 1998ರಲ್ಲಿ ಬಂದ ರವೀಂದ್ರನಾಥ್ ತಂಡದ ಪ್ರಬಂಧ ಒಂದು ಉತ್ತರ ಕೊಟ್ಟಿತು. ಒಡಾಪ್ ಕೊಟ್ಟ ಇಲಿಗಳಲ್ಲಿ, ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಕಾಂಪ್ಲೆಕ್ಸ್ 1 ಕುಗ್ಗುತ್ತಿತ್ತು. ನಲವತ್ತಕ್ಕೂ ಹೆಚ್ಚು ಪ್ರೋಟೀನುಗಳಿಂದಾದ ಈ ದೊಡ್ಡ ಕಿಣ್ವ ಕೋಶಕ್ಕೆ ಶಕ್ತಿ ಒದಗಿಸುವ ಸರಣಿಯ ಮೊದಲ ಮೆಟ್ಟಿಲು. ಅದು ಕುಗ್ಗಿದ್ದು ಮಿದುಳಿನ ಚಲನೆಗೆ ಸಂಬಂಧಿಸಿದ ಭಾಗದಲ್ಲಿ, ಸೊಂಟದ ಮಟ್ಟದ ಬೆನ್ನುಹುರಿಯಲ್ಲಿ. ಕಾಲು ಬಿಗಿಯುವ ರೋಗಕ್ಕೆ ಆ ಜಾಗಗಳು ಸರಿಯಾಗಿ ಹೊಂದುತ್ತವೆ. ಕುಗ್ಗಲು ಕಾರಣ ಸಿಸ್ಟೀನುಗಳ ಗಂಧಕ ಉತ್ಕರ್ಷಣಗೊಂಡು ಸಲ್ಲದ ಬಂಧಕ್ಕೆ ಸಿಲುಕಿದ್ದು. ಆ ಬಂಧ ಬಿಚ್ಚುವ ರಾಸಾಯನಿಕ ಸೇರಿಸಿದರೆ ಕಾಂಪ್ಲೆಕ್ಸ್ 1 ಮತ್ತೆ ಚೇತರಿಸಿಕೊಳ್ಳುತ್ತಿತ್ತು.

ಹಾಗಾದರೆ ದೇಹದೊಳಗೆ ಈ ಚೇತರಿಕೆ ಮಾಡಿಸುವವರು ಯಾರು? 2002ರಲ್ಲಿ, ಕೆಲಸ ಮಾನೇಸರಕ್ಕೆ ಸ್ಥಳಾಂತರವಾಗುತ್ತಿದ್ದ ಹೊತ್ತಿನಲ್ಲಿ, ತಂಡ ಅದನ್ನೂ ಹಿಡಿಯಿತು. ವಿಷ ಒಳಹೊಕ್ಕಾಗ ನರಕೋಶಗಳು ಗ್ಲುಟಾರೆಡಾಕ್ಸಿನ್ ಉತ್ಪಾದನೆಯನ್ನು ಹೆಚ್ಚಿಸುತ್ತಿದ್ದವು, ಅದರ ಹಿಂದೆಯೇ ಕಾಂಪ್ಲೆಕ್ಸ್ 1 ಸುಧಾರಿಸುತ್ತಿತ್ತು. ಗ್ಲುಟಾರೆಡಾಕ್ಸಿನ್ ತಯಾರಾಗದಂತೆ ತಡೆದಾಗ ಸುಧಾರಣೆಯೂ ನಿಂತಿತು. ಪಾರ್ಕಿನ್ಸನ್ಸ್ ರೋಗವನ್ನು ಹೋಲುವ ಹಾನಿ ಮಾಡುವ ಎಂಪಿಟಿಪಿ ಎಂಬ ವಿಷದಲ್ಲೂ ಇದೇ ಕತೆ ಎಂದು 2003ರಲ್ಲಿ ತೋರಿಸಿದರು.

ಲ್ಯಾಥಿರಿಸಂ ಬಗ್ಗೆ ಹಿಂದಿನಿಂದಲೂ ಒಂದು ಒಗಟಿತ್ತು. ಒಂದೇ ಮನೆಯಲ್ಲಿ ಒಂದೇ ಬೇಳೆ ಉಂಡರೂ ಗಂಡಸರಿಗೆ ಬರುವಷ್ಟು ಹೆಂಗಸರಿಗೆ ಬರುವುದಿಲ್ಲ. ಮಾನೇಸರದ ತಂಡ 2004ರಲ್ಲಿ ವರದಿ ಮಾಡಿದ ಪ್ರಕಾರ ಹೆಣ್ಣು ಇಲಿಗಳ ಮಿದುಳಿನಲ್ಲಿ ಗ್ಲುಟಾರೆಡಾಕ್ಸಿನ್ ಮೊದಲಿನಿಂದಲೇ ಹೆಚ್ಚಿರುತ್ತದೆ, ಎಂಪಿಟಿಪಿ ವಿಷ ಅವಕ್ಕೆ ಅಷ್ಟಾಗಿ ತಾಗುವುದಿಲ್ಲ. ಅಂಡಾಶಯ ತೆಗೆದರೆ ಈ ರಕ್ಷಣೆ ಕುಸಿಯುತ್ತದೆ, ಅಂದರೆ ಈಸ್ಟ್ರೋಜನ್ ಹಾರ್ಮೋನಿನ ಕೈವಾಡ ಇದರಲ್ಲಿದೆ. ಗ್ಲುಟಾರೆಡಾಕ್ಸಿನ್ ತಗ್ಗಿಸಿದರೆ ಹೆಣ್ಣು ಇಲಿಗಳ ಮೈಟೊಕಾಂಡ್ರಿಯವೂ ಸೋಲುತ್ತದೆ ಎಂದು 2007ರ ಪ್ರಬಂಧ ಹೇಳಿತು. ಇಲಿಯಲ್ಲಿ ಕಂಡದ್ದು ಮನುಷ್ಯರ ಔಷಧವಾಗಿಬಿಡುವುದಿಲ್ಲ, ನಿಜ. ಆದರೆ ಹಳ್ಳಿಯ ವೈದ್ಯರು ಕಣ್ಣಾರೆ ಕಂಡಿದ್ದ ಗಂಡು ಹೆಣ್ಣಿನ ವ್ಯತ್ಯಾಸಕ್ಕೆ ಅಣುವಿನ ಮಟ್ಟದಲ್ಲಿ ಒಂದು ಕಾರಣ ಸಿಕ್ಕಿತು.

ಬೆಸೆಯುವ ಕಿಣ್ವವೂ ಮಿದುಳಿನ ರೋಗಗಳಿಗೆ ಹೊರತಲ್ಲ. ಪಾರ್ಕಿನ್ಸನ್ಸ್ ಮತ್ತು ಅಲ್ಜೈಮರ್ಸ್ ಇದ್ದವರ ಮಿದುಳಿನಲ್ಲಿ ಪಿಡಿಐಯ ಸಿಸ್ಟೀನುಗಳಿಗೆ ನೈಟ್ರಿಕ್ ಆಕ್ಸೈಡ್ ಅಂಟಿಕೊಂಡು ಅದು ನಿಷ್ಕ್ರಿಯವಾಗಿರುವುದನ್ನು ಅಮೆರಿಕದ ಸ್ಟುವರ್ಟ್ ಲಿಪ್ಟನ್ ಅವರ ತಂಡ 2006ರಲ್ಲಿ ವರದಿ ಮಾಡಿತು. ಬೆಸೆಯುವುದು ನಿಂತರೂ ಅಪಾಯ, ಬಿಚ್ಚುವುದು ನಿಂತರೂ ಅಪಾಯ.

ಆಂಟಿಆಕ್ಸಿಡೆಂಟ್ ಡಬ್ಬಿಗಳ ಮೇಲಿನ ಸರಳ ಭರವಸೆಯನ್ನು ನಾವು ಒಪ್ಪಬಾರದು ಎನ್ನುವುದು ಇದಕ್ಕೇ. ದೇಹ ಉತ್ಕರ್ಷಣವನ್ನು ಶತ್ರುವೆಂದು ಹೊರಗೆ ಹಾಕಿಲ್ಲ. ಅದನ್ನು ಒಂದು ಕೋಣೆಯಲ್ಲಿ ಕೆಲಸಕ್ಕೆ ಹಚ್ಚಿ, ಪಕ್ಕದ ಕೋಣೆಯಲ್ಲಿ ಕಟ್ಟುನಿಟ್ಟಾಗಿ ತಡೆದಿದೆ. ಮಾತ್ರೆಯೊಂದು ಈ ಭೇದವನ್ನು ಅರಿಯದು, ಕಿಣ್ವಗಳು ಅರಿಯುತ್ತವೆ.

ಹೆಚ್ಚು ಮುಖ್ಯವಾದ ಮಾತು ಊಟದ ತಟ್ಟೆಯದು. ಕೇಸರಿ ಬೇಳೆಯ ಮಾರಾಟಕ್ಕೆ 1961ರಿಂದ ನಿಷೇಧವಿದೆ, ಆದರೂ ಕೆಲವೆಡೆ ಅದನ್ನು ಬೆಳೆಯುವುದು ನಿಂತಿಲ್ಲ, ತೊಗರಿ ಬೇಳೆಗೆ ಕಲಬೆರಕೆ ಮಾಡುವುದೂ ನಿಂತಿಲ್ಲ. ಒಡಾಪ್ ಕಡಿಮೆ ಇರುವ ರತನ್, ಪ್ರತೀಕ್‌ನಂಥ ತಳಿಗಳು ಬಂದಮೇಲೆ ನಿಷೇಧ ತೆಗೆಯಬೇಕೆಂಬ ವಾದವೂ ಎದ್ದಿದೆ. ಆ ಚರ್ಚೆಯಲ್ಲಿ ಬೇಳೆಯಲ್ಲಿ ಎಷ್ಟು ವಿಷವಿದೆ ಎಂದಷ್ಟೇ ಅಳೆದರೆ ಸಾಲದು. ಆ ಬೇಳೆಯಲ್ಲಿ ಗಂಧಕವುಳ್ಳ ಅಮೈನೊ ಆಮ್ಲಗಳು ಕಡಿಮೆ. ಅದೊಂದನ್ನೇ ಉಣ್ಣುವವರ ದೇಹಕ್ಕೆ ಗ್ಲುಟಾಥಯೋನ್ ತಯಾರಿಸುವ ಕಚ್ಚಾ ಸಾಮಗ್ರಿಯೇ ಸಾಲದೆ ಹೋಗಬಹುದು, ಹಾಗಾದಾಗ ಬಿಚ್ಚುವ ಕಿಣ್ವಕ್ಕೆ ಕೈ ಆಡುವುದಿಲ್ಲ. ಅಕ್ಕಿ, ಜೋಳ, ಗೋಧಿಯ ಜೊತೆ ಬೆರೆಸಿ ತಿನ್ನುವವರಿಗಿಂತ ಬರೀ ಬೇಳೆ ಉಣ್ಣುವವರೇ ಈ ರೋಗಕ್ಕೆ ತುತ್ತಾಗುವುದರ ಹಿಂದೆ ಇದೂ ಒಂದು ಕಾರಣವೆಂದು ಸಂಶೋಧಕರು ಬಲವಾಗಿ ಶಂಕಿಸಿದ್ದಾರೆ. ಬೇಳೆಯನ್ನು ನಿಷೇಧಿಸುವ ಅಥವಾ ಒಪ್ಪುವ ಅಧಿಕಾರಿಗಳು ಮೊದಲು ಕೇಳಬೇಕಾದ ಪ್ರಶ್ನೆ, ಅದನ್ನು ತಿನ್ನುವ ಮನೆಯಲ್ಲಿ ಅದರ ಜೊತೆಗೆ ತಿನ್ನಲು ಬೇರೇನಿದೆ ಎಂಬುದು. ಬೆಂಗಳೂರಿನಿಂದ ಮಾನೇಸರದವರೆಗೆ ನಾಲ್ಕು ದಶಕ ನಡೆದ ಈ ಸಂಶೋಧನೆಯನ್ನು ನಾವು ಗೌರವಿಸುವ ಬಗೆ ಎಂದರೆ ಆ ಪ್ರಶ್ನೆಯನ್ನು ಕೇಳುವುದು, ಉತ್ತರ ಸಿಗುವವರೆಗೆ ಬಿಡದಿರುವುದು.